ಅಖೇರಿ ದಾಸ್ತಾನು ಎಣಿಸುವುದು ಹೇಗೆ: ರಿಜಿಸ್ಟರಿನಲ್ಲೋ, ಕಂಪ್ಯೂಟರಿನಲ್ಲೋ?

ಆರ್ಥಿಕ ವರ್ಷ ಮುಗಿಯುವ ಮಾರ್ಚ್ 31 ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಕೃಷಿ ಪರಿಕರ ಮಳಿಗೆಗಳಿಗೆ ಅಖೇರಿ ದಾಸ್ತಾನನ್ನು, ಅಂದರೆ ವರ್ಷದ ಕೊನೆಗೆ ಉಳಿದ ಮಾಲನ್ನು, ಎಣಿಸಲು ಅನುಕೂಲದ ದಿನವೇ ಸರಿ. ಅಡಿಕೆಯ ಕೊಳೆರೋಗಕ್ಕೆಂದು ಮಳೆಗಾಲದ ಮುಂಚೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತ, ಸುಣ್ಣಗಳಿಗೆ ಬೇಡಿಕೆ ಏರಲು ಇನ್ನೂ ಸಮಯವಿರುತ್ತದೆ, ಗೊಬ್ಬರಕ್ಕೆ ನೂಕುನುಗ್ಗಲು ಶುರುವಾಗಿರುವುದಿಲ್ಲ, ಗಾಳಿಯಲ್ಲಿ ತೇವವೂ ಕಡಿಮೆ. ಇಷ್ಟಿದ್ದೂ ಹಲವೆಡೆ ಈ ಕೆಲಸ ಕಂಪ್ಯೂಟರಿನಿಂದ ಪಟ್ಟಿಯೊಂದನ್ನು ಮುದ್ರಿಸಿ, ಕೆಳಗೆ ಸಹಿ ಹಾಕಿ, ಲೆಕ್ಕಪರಿಶೋಧಕರ ಕೈಗೆ ಕೊಡುವುದರಲ್ಲೇ ಮುಗಿದುಹೋಗುತ್ತದೆ.

ಅದು ಎಣಿಕೆಯಲ್ಲ. ಕಂಪ್ಯೂಟರು ಆರಂಭಿಕ ಶಿಲ್ಕಿಗೆ ಖರೀದಿಯನ್ನು ಕೂಡಿ, ಮಾರಾಟವನ್ನು ಕಳೆದು, ಗೋದಾಮಿನಲ್ಲಿ ಎಷ್ಟು ಇರಬೇಕೆಂದು ಹೇಳುತ್ತದೆ. ಹಳೆಯ ಸ್ಟಾಕ್ ರಿಜಿಸ್ಟರು ಹೇಳುತ್ತಿದ್ದದ್ದೂ ಅಷ್ಟನ್ನೇ. ನಿಜವಾಗಿ ಎಷ್ಟಿದೆ ಎಂಬುದು ಕಪಾಟಿನ ಮುಂದೆ ನಿಂತು ಎಣಿಸಿದವರಿಗೆ ಮಾತ್ರ ತಿಳಿಯುತ್ತದೆ. ಹೀಗಾಗಿ ಕೈಬರಹವೋ ಕಂಪ್ಯೂಟರೋ ಎಂಬ ಆಯ್ಕೆ ಬರುವುದು ಎಣಿಸುವ ಹಂತದಲ್ಲಲ್ಲ, ಎಣಿಸಿದ್ದನ್ನು ದಾಖಲಿಸಿ ತಾಳೆ ನೋಡುವ ಹಂತದಲ್ಲಿ.

ಎಣಿಕೆಗೆ ಮೊದಲು

ಮೊದಲು ಗಡಿರೇಖೆಯೊಂದನ್ನು ಎಳೆದುಕೊಳ್ಳಬೇಕು. ಎಣಿಕೆ ಆರಂಭಿಸುವ ಹೊತ್ತಿಗೆ ಕೊನೆಯ ಮಾರಾಟ ಬಿಲ್ಲಿನ ಸಂಖ್ಯೆ ಮತ್ತು ಕೊನೆಯದಾಗಿ ಬಂದ ಮಾಲಿನ ರಸೀದಿ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಎಣಿಕೆ ಮುಗಿಯುವವರೆಗೆ ಮಾಲಿನ ಓಡಾಟವನ್ನು ನಿಲ್ಲಿಸಬೇಕು. ಬಿಲ್ಲು ಮಾಡಿದ್ದರೂ ಗಿರಾಕಿಯ ಜೀಪು ಬಾರದೆ ಮೂಲೆಯಲ್ಲೇ ಉಳಿದ ಚೀಲಗಳನ್ನು, ಬಿಲ್ಲು ಇನ್ನೂ ಬಾರದಿದ್ದರೂ ಲಾರಿಯಿಂದ ಇಳಿದ ಪೆಟ್ಟಿಗೆಗಳನ್ನು ಬೇರೆಯಾಗಿ ಇಟ್ಟು ಗುರುತು ಹಾಕುವುದು ಅಗತ್ಯ; ವರ್ಷಾಂತ್ಯದ ವ್ಯತ್ಯಾಸಗಳಲ್ಲಿ ಬಹುಪಾಲು ಇವೆರಡರಿಂದಲೇ ಹುಟ್ಟುತ್ತವೆ, ಕಳ್ಳತನದಿಂದಲ್ಲ.

ಅವಧಿ ಮೀರಿದ ಕೀಟನಾಶಕ ಸಿಕ್ಕರೆ ಅದನ್ನು ಉಳಿದ ಮಾಲಿನೊಂದಿಗೆ ಎಣಿಸಬಾರದು. ಕೀಟನಾಶಕ ನಿಯಮಗಳ ಪ್ರಕಾರ ಅಂಥ ಮಾಲನ್ನು ಪ್ರತ್ಯೇಕ ಜಾಗದಲ್ಲಿರಿಸಿ, ಮಾರಾಟಕ್ಕಲ್ಲ ಎಂಬ ಮುದ್ರೆ ಒತ್ತಬೇಕು. ಅದಕ್ಕೊಂದು ಬೇರೆ ಪಟ್ಟಿಯೇ ಇರಲಿ.

ಎಣಿಸುವ ಕ್ರಮ

ಇಬ್ಬರು ಬೇಕು: ಒಬ್ಬರು ಎಣಿಸಿ ಗಟ್ಟಿಯಾಗಿ ಹೇಳುವವರು, ಇನ್ನೊಬ್ಬರು ಬರೆಯುವವರು. ಸಾಧ್ಯವಿದ್ದಲ್ಲಿ ಅವರಲ್ಲೊಬ್ಬರಾದರೂ ದಿನನಿತ್ಯ ಆ ಗೋದಾಮಿನ ಹೊಣೆ ಹೊರದವರಾಗಿರಬೇಕು. ಬರೆಯುವವರ ಕೈಯಲ್ಲಿರುವ ಹಾಳೆಯಲ್ಲಿ ಮಾಲಿನ ಹೆಸರು, ಜಾಗ ಮತ್ತು ಅಳತೆಯ ಮಾನ ಇರಲಿ, ಪುಸ್ತಕದ ಶಿಲ್ಕು ಮಾತ್ರ ಇರಕೂಡದು. 48 ಇರಬೇಕೆಂದು ಮೊದಲೇ ಗೊತ್ತಿದ್ದವರು 46 ಎಣಿಸಿದರೂ ಎರಡು ಎಲ್ಲೋ ಹಿಂದೆ ಇರಬಹುದೆಂದು 48ನ್ನೇ ಬರೆಯುತ್ತಾರೆ. ಇದು ಅಪ್ರಾಮಾಣಿಕತೆಯಲ್ಲ, ಸುಸ್ತಾದ ಮನಸ್ಸಿನ ಸಹಜ ಸ್ವಭಾವ.

ಎಣಿಕೆ ಬಾಗಿಲಿನ ಎಡಗಡೆಯಿಂದ ಶುರುವಾಗಿ, ಕಪಾಟಿನ ಮೇಲಿನ ಅರೆಯಿಂದ ಕೆಳಕ್ಕೆ, ಸಾಲು ತಪ್ಪದೆ ಸಾಗಬೇಕು. ಎಣಿಸಿದ ರಾಶಿಗೆಲ್ಲ ಕ್ರಮಸಂಖ್ಯೆಯಿರುವ ಚೀಟಿ ಅಂಟಿಸುತ್ತ ಹೋದರೆ ಒಂದೇ ರಾಶಿ ಎರಡು ಸಲ ಲೆಕ್ಕಕ್ಕೆ ಬರುವುದಿಲ್ಲ. ಕೊನೆಯಲ್ಲಿ ಚೀಟಿಗಳ ಸಂಖ್ಯೆಯನ್ನು ಜೋಡಿಸಿ ನೋಡಿದಾಗ ಯಾವುದಾದರೂ ತಪ್ಪಿದ್ದರೆ ತಕ್ಷಣ ಗೊತ್ತಾಗುತ್ತದೆ.

ಅಳತೆಯ ಮಾನದ ಬಗ್ಗೆ ವಿಶೇಷ ಎಚ್ಚರ ಬೇಕು. ಯೂರಿಯಾ ಚೀಲ 2018ರಿಂದ 50 ಕೆಜಿಯ ಬದಲು 45 ಕೆಜಿಯದಾಗಿದೆ, ಡಿಎಪಿ ಚೀಲ 50 ಕೆಜಿಯಾಗಿಯೇ ಉಳಿದಿದೆ. ಹಳೆಯ ಅಭ್ಯಾಸದಲ್ಲಿ 120 ಚೀಲ ಯೂರಿಯಾವನ್ನು 50ರಿಂದ ಗುಣಿಸಿದರೆ 5,400 ಕೆಜಿ ಇರಬೇಕಾದಲ್ಲಿ 6,000 ಕೆಜಿ ಎಂದು ಬರೆದಂತಾಗುತ್ತದೆ. ಚೀಲದ ಮಾಲನ್ನು ಚೀಲದಲ್ಲಿಯೇ ಬರೆದು, ಕೆಜಿಗೆ ಪರಿವರ್ತಿಸುವುದನ್ನು ಮೇಜಿನ ಮುಂದೆ ಕುಳಿತು ಮಾಡುವುದು ಕ್ಷೇಮ. ಬಾಯಿ ಬಿಚ್ಚಿದ ಮೈಲುತುತ್ತದ ಚೀಲ, ಚಿಲ್ಲರೆ ಮೊಳೆ, ಹಗ್ಗ ಇತ್ಯಾದಿಗಳನ್ನು ಅಂದಾಜಿನಲ್ಲಿ ಬರೆಯದೆ ತೂಗಬೇಕು. ಕತ್ತರಿಸಿ ಮಾರುವ ಪೈಪಿನ ಸುರುಳಿಯನ್ನು ಬಿಚ್ಚಿ ಅಳೆಯಲೇಬೇಕು. ಅಡಿಕೆ ಕೊಯ್ಲಿನ ಫೈಬರ್ ದೋಟಿಯಂಥ ದುಬಾರಿ ವಸ್ತುಗಳನ್ನು ಬೇರೊಬ್ಬರಿಂದ ಎರಡನೆಯ ಸಲ ಎಣಿಸಿಸಬೇಕು. ಬೋಲ್ಟು, ವಾಷರುಗಳಿಗೆ ಅಷ್ಟು ಶ್ರಮ ಬೇಡ.

ರಿಜಿಸ್ಟರಿನಲ್ಲಿ ಮಾಡುವುದಾದರೆ

ಪ್ರತಿ ಮಾಲಿಗೆ ಒಂದು ಪುಟ ಮೀಸಲಿಟ್ಟು ದಿನಾಂಕ, ಬಿಲ್ಲಿನ ಸಂಖ್ಯೆ, ಬಂದದ್ದು, ಹೋದದ್ದು, ಶಿಲ್ಕು ಎಂಬ ಕಲಮುಗಳನ್ನು ಎಳೆದರೆ ಸಾಕು. ವಿದ್ಯುತ್ ಕೈಕೊಟ್ಟರೂ ಇದು ನಿಲ್ಲುವುದಿಲ್ಲ, ತರಬೇತಿಯೂ ಬೇಕಿಲ್ಲ. ಇನ್ನೂರು ಮುನ್ನೂರು ಬಗೆಯ ಮಾಲಿರುವ ಹಳ್ಳಿಯ ಅಂಗಡಿಗೆ ಇಂದಿಗೂ ಇದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಇದರ ದೌರ್ಬಲ್ಯವಿರುವುದು ಪುಟದ ಶಿಲ್ಕನ್ನು ಮುಂದಿನ ಪುಟಕ್ಕೆ ಒಯ್ಯುವಲ್ಲಿ: ಅಲ್ಲಿ ನುಸುಳಿದ ತಪ್ಪು ವರ್ಷವಿಡೀ ಹಾಗೆಯೇ ಹರಿದು ಬರುತ್ತದೆ. ತಪ್ಪಾದ ನಮೂದನ್ನು ಅಳಿಸುವುದಾಗಲಿ ಅದರ ಮೇಲೆಯೇ ತಿದ್ದಿ ಬರೆಯುವುದಾಗಲಿ ಕೂಡದು. ಗೀಟು ಹಾಕಿ, ಸಹಿ ಮಾಡಿ, ಸರಿಯಾದದ್ದನ್ನು ಅನಂತರ ಬರೆಯಬೇಕೆಂದು ಜಿಎಸ್‌ಟಿ ನಿಯಮ 56 ಹೇಳುತ್ತದೆ. ಕಂಪ್ಯೂಟರಿನ ಲೆಕ್ಕಕ್ಕೂ ಅದೇ ನಿಯಮವಿದೆ: ತಿದ್ದಿದ, ಅಳಿಸಿದ ಪ್ರತಿಯೊಂದು ನಮೂದಿನ ದಾಖಲೆ ಅದರೊಳಗೆ ಉಳಿಯಬೇಕು. ಮಾಹಿತಿಯನ್ನು ಬರಿಯ ಎಕ್ಸೆಲ್ ಹಾಳೆಯಲ್ಲಿ ಇಡುವವರು ಇದನ್ನು ಮರೆಯುವುದೇ ಹೆಚ್ಚು.

ಕಂಪ್ಯೂಟರಿನಲ್ಲಿ ಮಾಡುವುದಾದರೆ

ಇಲ್ಲಿ ಕೆಲಸದ ಮುಕ್ಕಾಲು ಪಾಲು ಮಾಲಿನ ಹೆಸರುಗಳ ಮೂಲಪಟ್ಟಿಯಲ್ಲಿದೆ. ಒಬ್ಬರು ಮೈಲುತುತ್ತವೆಂದೂ ಇನ್ನೊಬ್ಬರು ಕಾಪರ್ ಸಲ್ಫೇಟ್ ಎಂದೂ ಖಾತೆ ತೆರೆದಿದ್ದರೆ ಖರೀದಿ ಒಂದರಲ್ಲಿ, ಮಾರಾಟ ಇನ್ನೊಂದರಲ್ಲಿ ಕೂತು, ಒಂದರ ಶಿಲ್ಕು ಬೆಟ್ಟದಂತೆ ಬೆಳೆದು ಇನ್ನೊಂದು ಸೊನ್ನೆಗಿಂತ ಕೆಳಗಿಳಿಯುತ್ತದೆ. ಆದ್ದರಿಂದ ಎಣಿಕೆಗೆ ಮೊದಲೇ ಋಣ ಶಿಲ್ಕಿನ ಪಟ್ಟಿ ತೆಗೆದು, ಜೋಡಿ ಹೆಸರುಗಳನ್ನು ಒಂದುಗೂಡಿಸಬೇಕು. ಆಮೇಲೆ ಎಣಿಕೆ ಆರಂಭವಾಗುವ ಕ್ಷಣದ ಶಿಲ್ಕನ್ನು ಬೇರೆ ಕಡತವಾಗಿ ಉಳಿಸಿಕೊಂಡು, ಒಂದು ಪ್ರತಿಯನ್ನು ಪೆನ್‌ಡ್ರೈವಿಗೂ ಹಾಕಿಟ್ಟರೆ ನಡುವೆ ಕರೆಂಟು ಹೋದರೂ ತೊಂದರೆಯಿಲ್ಲ.

ಬಾರ್‌ಕೋಡ್ ಓದುವ ಯಂತ್ರವಿದ್ದರೆ ಡಬ್ಬಿ, ಬಾಟಲಿಗಳ ಎಣಿಕೆ ಬೇಗ ಸಾಗುತ್ತದೆ. ಪೊಟ್ಟಣದ ಮೇಲಿನ 13 ಅಂಕಿಗಳಲ್ಲಿ ಕೊನೆಯದು ಉಳಿದ 12ರಿಂದ ಲೆಕ್ಕ ಹಾಕಿ ಪಡೆದ ತಪಾಸಣೆಯ ಅಂಕಿಯಾದ್ದರಿಂದ, ಕೈಯಿಂದ ಒತ್ತುವಾಗ ಒಂದು ಅಂಕಿ ತಪ್ಪಿದರೂ ಗೊತ್ತಾಗುತ್ತದೆ. ಆದರೆ ಸಂಕೇತ ತಿಳಿಸುವುದು ಯಾವ ಮಾಲೆಂಬುದನ್ನು ಮಾತ್ರ, ಎಷ್ಟೆಂಬುದನ್ನಲ್ಲ. ಚಿಲ್ಲರೆ ಮಾಲಿಗೆ ಅದೂ ಇರುವುದಿಲ್ಲ.

ಸಬ್ಸಿಡಿ ಗೊಬ್ಬರ ಮಾರುವವರಿಗೆ ಇನ್ನೊಂದು ಲೆಕ್ಕವೂ ಇದೆ. ಆ ಮಾರಾಟ ಗಿರಾಕಿಯ ಬೆರಳಚ್ಚು ಪಡೆದು ದಾಖಲಿಸುವ ಪಿಒಎಸ್ ಯಂತ್ರದ ಮೂಲಕವೇ ನಡೆಯಬೇಕಾದ್ದರಿಂದ ಯಂತ್ರದ ಶಿಲ್ಕು, ಅಂಗಡಿಯ ಪುಸ್ತಕದ ಶಿಲ್ಕು, ಗೋದಾಮಿನ ಚೀಲ ಮೂರೂ ತಾಳೆಯಾಗಬೇಕು. ಗಡಿಬಿಡಿಯಲ್ಲಿ ಚೀಲ ಕೊಟ್ಟು, ಬೆರಳಚ್ಚನ್ನು ಆಮೇಲೆ ಪಡೆದರಾಯಿತೆಂದು ಬಿಟ್ಟಿದ್ದರೆ ಅದು ಹೊರಬೀಳುವುದು ಈ ದಿನವೇ.

ವ್ಯತ್ಯಾಸ ಬಂದಾಗ

ಕೂಡಲೇ ಪುಸ್ತಕವನ್ನು ಎಣಿಕೆಗೆ ಹೊಂದಿಸಿಬಿಡಬಾರದು. ಮೊದಲು ಮರುಎಣಿಕೆ, ಅನಂತರ ಗಡಿರೇಖೆಯ ಅಕ್ಕಪಕ್ಕದ ಬಿಲ್ಲುಗಳು, ಆಮೇಲೆ ಅಳತೆಯ ಮಾನ, ಕೊನೆಗೆ ಒಂದೇ ಜಾತಿಯ ಎರಡು ಅಳತೆಯ ಮಾಲು ಅದಲುಬದಲಾಗಿದೆಯೇ ಎಂಬುದನ್ನು ಈ ಕ್ರಮದಲ್ಲೇ ನೋಡಬೇಕು. ಅರ್ಧ ಇಂಚಿನ ಪೈಪು ಜೋಡಣೆ ಐದು ಹೆಚ್ಚಾಗಿ, ಮುಕ್ಕಾಲು ಇಂಚಿನದು ಐದು ಕಡಿಮೆಯಾಗಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಇಷ್ಟಾದರೂ ಉಳಿದ ಕೊರತೆಯನ್ನು ಕಾರಣಸಹಿತ ಬರೆದು, ಹೊಣೆಗಾರರ ಸಹಿ ಪಡೆದು ಖರ್ಚು ಹಾಕಬೇಕು. ಕಳೆದುಹೋದ, ಹಾಳಾದ ಮಾಲಿನ ಮೇಲೆ ಪಡೆದಿದ್ದ ಹೂಡುವಳಿ ತೆರಿಗೆ ಜಮೆಯನ್ನು (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ಜಮೆ) ಜಿಎಸ್‌ಟಿ ಕಾಯ್ದೆಯ ಕಲಮು 17(5)ರಂತೆ ಹಿಂದಿರುಗಿಸಬೇಕಾಗುತ್ತದೆ ಎಂಬುದನ್ನು ಲೆಕ್ಕಿಗರ ಗಮನಕ್ಕೆ ತರಬೇಕು.

ಉಳಿದ ಮಾಲಿಗೆ ಕೊಂಡ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ಸಿಗಬಹುದಾದ ಬೆಲೆ, ಎರಡರಲ್ಲಿ ಕಡಿಮೆಯದನ್ನು ಹಾಕಬೇಕು. ಎಣಿಕೆಯ ಮೂಲ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸಿದ ಮೇಲೂ ಹರಿದು ಹಾಕುವಂತಿಲ್ಲ. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ಅಷ್ಟರಲ್ಲಿ ಘಟ್ಟದ ಮೇಲೆ ಹಲವು ಮಳೆಗಾಲಗಳು ಬಂದು ಹೋಗುವುದರಿಂದ, ಹಾಳೆಗಳನ್ನು ಗೋಡೆಗೆ ತಾಗದ ಕಬ್ಬಿಣದ ಕಪಾಟಿನಲ್ಲಿ, ನೆಲದಿಂದ ಮೇಲಿನ ಅರೆಯಲ್ಲಿ ಇಡುವುದು ಒಳ್ಳೆಯದು.