ಡಬ್ಬಿ ಖಾಲಿಯಾಗಿ ಬರಬೇಕೆಂದರೆ: ಆರಿಸಿ ತಿನ್ನುವ ಮಗುವಿಗೆ ಬುತ್ತಿ ಕಟ್ಟುವ ಬಗೆ

ಬೆಳಿಗ್ಗೆ ಏಳು ಗಂಟೆಗೆ ಬಾಣಲೆಯಿಂದ ಇಳಿಸಿದ ಚಿತ್ರಾನ್ನವನ್ನು ಮಗು ಬಾಯಿಗಿಡುವುದು ಮಧ್ಯಾಹ್ನ ಹನ್ನೆರಡೂವರೆಗೆ. ಅಷ್ಟು ಹೊತ್ತಿಗೆ ಅನ್ನ ಬಿರುಸಾಗಿರುತ್ತದೆ, ಗರಿಗರಿಯಾಗಿದ್ದ ಕಡಲೆಬೇಳೆ ಮೆತ್ತಗಾಗಿರುತ್ತದೆ, ಈರುಳ್ಳಿಯ ವಾಸನೆ ಡಬ್ಬಿಯನ್ನೆಲ್ಲ ತುಂಬಿರುತ್ತದೆ. ಒಲೆಯ ಮುಂದೆ ನಿಂತು ರುಚಿ ನೋಡಿದಾಗ ಹೀಗಿರಲಿಲ್ಲ. ಏನು ಕೊಟ್ಟರೂ ತಿನ್ನುವ ಮಗು ಅದನ್ನು ಹೇಗೋ ತಿಂದು ಮುಗಿಸುತ್ತದೆ. ಆರಿಸಿ ತಿನ್ನುವ ಮಗು ಮುಚ್ಚಳ ಹಾಕಿ ಹಾಗೇ ವಾಪಸ್ ತರುತ್ತದೆ.

ಇಂಥ ಮಕ್ಕಳ ಮನೆಯಲ್ಲಿ ಅಡುಗೆಯ ಲೆಕ್ಕ ಹನ್ನೆರಡೂವರೆಯಿಂದ ಹಿಂದಕ್ಕೆ ಹೋಗಬೇಕು. ಅದನ್ನು ಕಲಿಯುವುದಕ್ಕೆ ಸುಲಭದ ದಾರಿಯೊಂದಿದೆ. ಮಗುವಿಗೆ ತುಂಬಿದ್ದನ್ನೇ ಇನ್ನೊಂದು ಡಬ್ಬಿಗೂ ತುಂಬಿ, ಮುಚ್ಚಿ, ಅಡುಗೆಮನೆಯ ಕಟ್ಟೆಯ ಮೇಲಿಡಿ. ಮಧ್ಯಾಹ್ನ ಬಿಸಿ ಮಾಡದೆ ನೀವೇ ತಿನ್ನಿ. ‘ನಮ್ಮ ಮಗುವಿಗೆ ಹಟ’ ಎಂದುಕೊಂಡಿದ್ದ ಎಷ್ಟೋ ವಿಷಯಕ್ಕೆ ನಾಲ್ಕು ತುತ್ತಿನಲ್ಲೇ ಉತ್ತರ ಸಿಗುತ್ತದೆ.

ಮೊದಲು ವಾಪಸ್ ಬಂದ ಡಬ್ಬಿಯನ್ನು ಓದಿ

ಹೊಸ ತಿಂಡಿ ಹುಡುಕುವುದಕ್ಕೆ ಮುಂಚೆ ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನ ಡಬ್ಬಿಯಲ್ಲಿ ಏನು ಉಳಿದಿದೆ, ಹೇಗೆ ಉಳಿದಿದೆ ಎಂದು ಬರೆದಿಡಿ. ಸಾಸಿವೆ, ಕರಿಬೇವು, ಟೊಮೆಟೊ ಸಿಪ್ಪೆ ಅಂಚಿಗೆ ಸಾಲಾಗಿ ಕೂತಿದ್ದರೆ ಮಗುವಿಗೆ ಬೇಡವಾದದ್ದು ರುಚಿಯಲ್ಲ, ಬಾಯಿಗೆ ಸಿಗುವ ತುಂಡು. ಚಪಾತಿಯಲ್ಲಿ ಪಲ್ಯ ತಾಗಿದ ಭಾಗ ಮಾತ್ರ ಉಳಿದಿದ್ದರೆ ಒಂದಕ್ಕೊಂದು ಸೋಕಿದ್ದೇ ತೊಂದರೆ. ಮೇಲಿನ ಅರ್ಧ ಖಾಲಿಯಾಗಿ ಕೆಳಗಿನ ಅರ್ಧ ಮುಟ್ಟದೇ ಇದ್ದರೆ ಹೊತ್ತು ಸಾಲಲಿಲ್ಲ ಎಂದರ್ಥ. ಊಟದ ಬಿಡುವು ಅರ್ಧ ಗಂಟೆಯಿದ್ದರೂ ಕೈತೊಳೆಯುವ ಸಾಲು, ಮಾತು ಎಲ್ಲ ಕಳೆದು ತಿನ್ನುವುದಕ್ಕೆ ಸಿಗುವುದು ಹದಿನೈದು ನಿಮಿಷವಾದರೆ ಹೆಚ್ಚು.

ಡಬ್ಬಿ ತೆರೆದೇ ಇಲ್ಲ ಅನ್ನಿಸಿದರೆ ಮುಚ್ಚಳವನ್ನು ಅನುಮಾನಿಸಿ. ಕುದಿಬಿಸಿಯಾದ ಅನ್ನವನ್ನು ತುಂಬಿ ಸ್ಟೀಲ್ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿದರೆ, ಒಳಗಿನ ಗಾಳಿ ತಣ್ಣಗಾಗುತ್ತಾ ಕುಗ್ಗಿ ಮುಚ್ಚಳವನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ದೊಡ್ಡವರಿಗೇ ಕಷ್ಟವಾಗುವ ಆ ಮುಚ್ಚಳವನ್ನು ಆರು ವರ್ಷದ ಬೆರಳುಗಳು ತೆರೆಯಲಾರವು. ಪಕ್ಕದವರನ್ನು ಕೇಳಲು ನಾಚಿಕೆಪಡುವ ಮಗು ಹಸಿದುಕೊಂಡೇ ಕೂರುತ್ತದೆ.

‘ಯಾಕೆ ತಿನ್ನಲಿಲ್ಲ?’ ಎಂದು ಕೇಳಿದರೆ ಮಗು ಸುಮ್ಮನಾಗುತ್ತದೆ. ‘ಮೊದಲು ಯಾವುದು ತಿಂದೆ ಪುಟ್ಟಾ?’ ಎಂದು ಕೇಳಿ, ತಾನಾಗಿ ಹೇಳುತ್ತದೆ.

ಪ್ರಮಾಣ ಎಷ್ಟಿರಬೇಕು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,360 ಕ್ಯಾಲರಿ ಬೇಕು, 7ರಿಂದ 9 ವರ್ಷದವರಿಗೆ 1,700. ಇದರಲ್ಲಿ ಮೂರನೇ ಒಂದು ಭಾಗ ಶಾಲೆಯ ಎರಡು ಡಬ್ಬಿಗಳಲ್ಲಿ ಹೋದರೆ ಸಾಕು. ಒಂದನೇ ಕ್ಲಾಸಿನ ಮಗುವಿಗೆ ಊಟದ ಡಬ್ಬಿಯಲ್ಲಿ ಒಂದು ಕಪ್ ಅನ್ನ, ಇಲ್ಲವೇ ಅಂಗೈ ಅಗಲದ ಎರಡು ಚಪಾತಿ, ಇಲ್ಲವೇ ಮೂರು ಇಡ್ಲಿ ಹಿಡಿಸುತ್ತದೆ. ತುಂಬಿ ತುಳುಕುವ ಡಬ್ಬಿಯನ್ನು ಕಂಡೇ ಕೆಲವು ಮಕ್ಕಳ ಹಸಿವು ಹೋಗುತ್ತದೆ. ಮುಕ್ಕಾಲು ತುಂಬಿ. ಸಂಜೆ ಮನೆಗೆ ಬಂದ ತಕ್ಷಣ ಗಟ್ಟಿಯಾದದ್ದೇನಾದರೂ ಕೊಡಿ.

ಬಿಳಿಯದ್ದು ಮಾತ್ರ ತಿನ್ನುವ ಮಗುವಿಗೆ ಮೊಸರನ್ನ

ಅನ್ನ, ಇಡ್ಲಿ, ಮೊಸರು ಬಿಟ್ಟು ಬೇರೆಯದನ್ನು ಮುಟ್ಟದ ಮಕ್ಕಳು ಬಹಳ. ಅವರಿಗೆ ಮೊಸರನ್ನದಷ್ಟು ಒಳ್ಳೆಯ ಬುತ್ತಿ ಇನ್ನೊಂದಿಲ್ಲ. ಆದರೆ ಬೆಳಿಗ್ಗೆ ಮೊಸರು ಸುರಿದು ಕಲಸಿದರೆ ಮಧ್ಯಾಹ್ನಕ್ಕೆ ಅದು ಹುಳಿಯಾದ ಮುದ್ದೆ. ಅನ್ನ ತೇವವನ್ನೆಲ್ಲ ಹೀರಿಕೊಳ್ಳುತ್ತದೆ, ಮೊಸರು ಹುಳಿಯಾಗುತ್ತಲೇ ಹೋಗುತ್ತದೆ. ಹಾಲಿನಲ್ಲಿ ಕಲಸಿ, ಡಬ್ಬಿಯಲ್ಲೇ ಮೊಸರಾಗಲು ಬಿಡುವುದು ಹಳೆಯ ಕಾಲದ ಪ್ರಯಾಣದ ಬುತ್ತಿಯ ಉಪಾಯ. ಅದನ್ನೇ ಅಳತೆಯಿಟ್ಟು ಮಾಡಬಹುದು.

ಕಾಲು ಕಪ್ ಸೋನಾ ಮಸೂರಿ ಅಕ್ಕಿಗೆ ಒಂದು ಕಪ್ ನೀರಿಟ್ಟು ಕುಕ್ಕರಿನಲ್ಲಿ ನಾಲ್ಕೈದು ವಿಷಲ್ ಕೂಗಿಸಿ. ಬೆರಳಲ್ಲಿ ಒತ್ತಿದರೆ ಅಗುಳು ಪೂರ್ತಿ ಕರಗಬೇಕು. ಅನ್ನ ಬಿಸಿಯಿರುವಾಗಲೇ ಸೌಟಿನ ಬೆನ್ನಿನಿಂದ ಕಿವುಚಿ, ಕಾಯಿಸಿದ ಬಿಸಿ ಹಾಲು ಅರ್ಧ ಕಪ್, ಬೆಣ್ಣೆ ಅರ್ಧ ಟೀ ಚಮಚ, ಉಪ್ಪು ಎರಡು ಚಿಟಿಕೆ ಹಾಕಿ ಕಲಸಿ. ತಣ್ಣಗಾದ ಅನ್ನವನ್ನು ಎಷ್ಟು ಕಿವುಚಿದರೂ ಗಂಟು ಉಳಿಯುತ್ತದೆ. ಗಂಟು ಸಿಕ್ಕಿದರೆ ಇಂಥ ಮಗು ಅಲ್ಲಿಗೇ ಚಮಚ ಇಟ್ಟುಬಿಡುತ್ತದೆ. ಇನ್ನು ಪಾತ್ರೆಯನ್ನು ಹಾಗೇ ಬಿಟ್ಟು, ಕಿರುಬೆರಳು ಇಟ್ಟರೆ ಬೆಚ್ಚಗೆ ಅನ್ನಿಸುವಷ್ಟು ಆರಿದ ಮೇಲೆ ಒಂದು ದೊಡ್ಡ ಚಮಚ ಸಿಹಿ ಮೊಸರು ಬೆರೆಸಿ. ಬಿಸಿಯಲ್ಲೇ ಹಾಕಿದರೆ ಹೆಪ್ಪು ಕೆಲಸ ಮಾಡುವುದಿಲ್ಲ, ಹಾಲು ಒಡೆದ ಹಾಗಾಗುತ್ತದೆ. ಡಬ್ಬಿಗೆ ಹಾಕುವಾಗ ದೋಸೆ ಹಿಟ್ಟಿನಷ್ಟು ತೆಳ್ಳಗಿರಬೇಕು. ‘ಇಷ್ಟು ನೀರಾಯಿತಲ್ಲ’ ಅನ್ನಿಸಿದರೆ ಹದ ಸರಿಯಾಗಿದೆ. ಗಟ್ಟಿ ಅನ್ನಿಸಿದರೆ ಕಾಯಿಸಿ ಆರಿಸಿದ ಹಾಲು ಇನ್ನೂ ಎರಡು ಮೂರು ಚಮಚ ಹಾಕಿ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಮೊಸರು ಅರ್ಧ ಚಮಚ ಸಾಕು.

ಸೌತೆಕಾಯಿ ಬೆರೆಸಬೇಡಿ, ನೀರು ಬಿಡುತ್ತದೆ. ದಾಳಿಂಬೆಯನ್ನು ಬೆರೆಸಿದರೆ ಅನ್ನ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಿಳಿಯದ್ದನ್ನೇ ಬಯಸುವ ಮಗುವಿಗೆ ಅದೂ ಹೊಸ ಪದಾರ್ಥವೇ. ಬೇರೆ ಪುಟ್ಟ ಡಬ್ಬಿಯಲ್ಲಿ ಕೊಡಿ.

ರಾತ್ರಿಯ ಅನ್ನ ಬಳಸುವುದಾದರೆ ಅದು ರಾತ್ರಿಯೇ ಫ್ರಿಜ್ ಸೇರಿರಬೇಕು. ಹೊರಗೇ ಉಳಿದ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಗುವಿನ ಡಬ್ಬಿಗೆ ಆ ಅನ್ನ ಬೇಡವೇ ಬೇಡ.

ತುಂಡು ಸಿಗಬಾರದು ಎನ್ನುವ ಮಗುವಿಗೆ

ಒಗ್ಗರಣೆಯ ರುಚಿ ಇರುವುದು ಎಣ್ಣೆಯಲ್ಲಿ. ಅದನ್ನು ನೆನಪಿಟ್ಟುಕೊಂಡರೆ ಅರ್ಧ ಜಗಳ ಮುಗಿಯಿತು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ, ಇಂಗು, ಕರಿಬೇವು, ಸೀಳಿದ ಹಸಿಮೆಣಸಿನಕಾಯಿ ಹಾಕಿ ಅರ್ಧ ನಿಮಿಷ ಬಿಡಿ. ಒಲೆ ಆರಿಸಿ ಅರಿಸಿನ ಸೇರಿಸಿ. ಆ ಎಣ್ಣೆಯನ್ನು ಸ್ಟೀಲ್ ಟೀ ಸೋಸಣಿಗೆಯಲ್ಲಿ ಅನ್ನದ ಮೇಲೆ ಸೋಸಿ. ಪ್ಲಾಸ್ಟಿಕ್ ಸೋಸಣಿಗೆ ಬಿಸಿ ಎಣ್ಣೆಗೆ ಕರಗುತ್ತದೆ, ಅದು ಬೇಡ. ಘಮ, ಬಣ್ಣ, ತುಸು ಖಾರ ಎಲ್ಲವೂ ಅನ್ನಕ್ಕೆ ಇಳಿಯುತ್ತದೆ, ಸಾಸಿವೆ ಕರಿಬೇವು ಸೋಸಣಿಗೆಯಲ್ಲೇ ಉಳಿಯುತ್ತದೆ. ಅನ್ನ ಸ್ವಲ್ಪ ಆರಿದ ಮೇಲೆ ನಿಂಬೆರಸ ಹಿಂಡಿ. ಉರಿಯ ಮೇಲಿರುವಾಗಲೇ ಹಿಂಡಿದರೆ ಕಹಿಯಾಗುತ್ತದೆ.

ಚಿತ್ರಾನ್ನದ ಅನ್ನ ಮೊಸರನ್ನದ ಹಾಗೆ ಮೆತ್ತಗಿರಬಾರದು. ಒಂದಕ್ಕೆ ಎರಡು ನೀರಿಟ್ಟು ಬೇಯಿಸಿ, ಅಗಲ ತಟ್ಟೆಯಲ್ಲಿ ಹರಡಿ, ಒಂದು ಚಮಚ ಎಣ್ಣೆ ಸವರಿ ಹತ್ತು ನಿಮಿಷ ಆರಿಸಿ. ಆ ಎಣ್ಣೆಯೇ ಮಧ್ಯಾಹ್ನದವರೆಗೆ ಅಗುಳನ್ನು ಬಿಡಿಬಿಡಿಯಾಗಿ ಇಡುತ್ತದೆ.

ತರಕಾರಿ ಸೇರಿಸಬೇಕಾದರೆ ಕ್ಯಾರೆಟ್‌ನಿಂದ ಶುರುಮಾಡಿ. ತುರಿಮಣೆಯ ಸಣ್ಣ ಕಣ್ಣಿನಲ್ಲಿ ತುರಿದು, ಒಗ್ಗರಣೆಯ ಎಣ್ಣೆಯಲ್ಲಿ ಮೂರು ನಾಲ್ಕು ನಿಮಿಷ ನೀರಾರುವವರೆಗೆ ಬಾಡಿಸಿದರೆ ಅರಿಸಿನದ ಬಣ್ಣದಲ್ಲಿ ಕಾಣುವುದೂ ಇಲ್ಲ, ಬಾಯಿಗೆ ಸಿಗುವುದೂ ಇಲ್ಲ. ಸಿಹಿ ಕುಂಬಳಕಾಯಿ ಇನ್ನೂ ಸುಲಭ. ಬೇಯಿಸಿ ನುಣ್ಣಗೆ ಮಾಡಿದ ಕಾಲು ಕಪ್ ಕುಂಬಳವನ್ನು ಒಂದು ಕಪ್ ಗೋಧಿ ಹಿಟ್ಟಿಗೆ ಹಾಕಿ, ಅದರ ನೀರಿನಲ್ಲೇ ಮುಕ್ಕಾಲು ಕಲಸಿ, ಆಮೇಲೆ ಬೇಕಾದಷ್ಟೇ ನೀರು ಚಿಮುಕಿಸಿ. ರಾತ್ರಿ ಸಾರಿಗೆ ಬೇಯಿಸಿದ ತೊಗರಿಬೇಳೆ ಉಳಿದಿದ್ದರೆ ಅದನ್ನೂ ಹೀಗೇ ಕಲಸಬಹುದು. ಪಾಲಕ್‌ಗೆ ಆತುರ ಬೇಡ, ಹಸಿರು ಚಪಾತಿ ಕಂಡು ಹೆದರಿದ ಮಗು ಬಿಳಿ ಚಪಾತಿಯನ್ನೂ ಬಿಟ್ಟೀತು.

ಇಲ್ಲೊಂದು ಮಾತು. ಅರೆದು ಸೇರಿಸುವುದು ಸರಿ, ಸುಳ್ಳು ಹೇಳುವುದು ತಪ್ಪು. ‘ಇದರಲ್ಲಿ ಏನಿದೆ ಅಮ್ಮಾ?’ ಎಂದು ಕೇಳಿದರೆ ‘ಕುಂಬಳಕಾಯಿ’ ಎಂದೇ ಹೇಳಿ. ತಾನು ನಂಬಿದ ಚಪಾತಿಯಲ್ಲಿ ಮೋಸ ಇತ್ತು ಎಂದು ಒಮ್ಮೆ ಗೊತ್ತಾದರೆ, ಆ ಚಪಾತಿ ಅದರ ಪಟ್ಟಿಯಿಂದಲೇ ಹೋಗುತ್ತದೆ. ಹತ್ತು ಪದಾರ್ಥ ತಿನ್ನುವ ಮಗುವಿಗೆ ಒಂದು ಕಳೆದುಕೊಳ್ಳುವುದೂ ದೊಡ್ಡ ನಷ್ಟ.

ಒಂದಕ್ಕೊಂದು ಸೋಕಬಾರದು ಎನ್ನುವ ಮಗುವಿಗೆ

ಈ ಮಕ್ಕಳಿಗೆ ಖಾನೆಗಳಿರುವ ಡಬ್ಬಿ ಬೇಕೇ ಬೇಕು. ಒಂದೇ ಮುಚ್ಚಳದಡಿ ಖಾನೆಗಳಿದ್ದರೂ ರಸ ಮೇಲಿಂದ ದಾಟುತ್ತದೆ. ಒದ್ದೆ ಪದಾರ್ಥಕ್ಕೆ ತನ್ನದೇ ಮುಚ್ಚಳವಿರುವ ಪುಟ್ಟ ಡಬ್ಬಿ ಕೊಡಿ. ಅದಕ್ಕಿಂತ ಒಳ್ಳೆಯದೆಂದರೆ ಒದ್ದೆಯದನ್ನೇ ಬಿಟ್ಟು ಪುಡಿ ಕೊಡುವುದು. ತೆಂಗಿನಕಾಯಿ ಚಟ್ನಿ ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಹಳಸುತ್ತದೆ, ಚಟ್ನಿಪುಡಿಗೆ ಆ ಭಯವಿಲ್ಲ. ಇಡ್ಲಿಯನ್ನು ನಾಲ್ಕು ತುಂಡು ಮಾಡಿ, ಬೆಚ್ಚಗಿರುವಾಗಲೇ ತುಪ್ಪ ಸವರಿದರೆ ಒಣಗುವುದಿಲ್ಲ. ಚಟ್ನಿಪುಡಿ ಪಕ್ಕದ ಖಾನೆಯಲ್ಲಿರಲಿ, ಅದ್ದಿಕೊಳ್ಳುವುದು ಬಿಡುವುದು ಮಗುವಿಗೆ ಸೇರಿದ್ದು.

ಚಪಾತಿ ಸುರುಳಿ ಮಾಡುವುದಾದರೆ ಪಲ್ಯದಲ್ಲಿ ನೀರಿನಂಶ ಇರಲೇಬಾರದು. ಮುಚ್ಚಳ ಮುಚ್ಚದೆ ಬಾಡಿಸಿ, ಇಳಿಸುವಾಗ ಒಂದು ಚಮಚ ಹುರಿಗಡಲೆ ಪುಡಿ ಉದುರಿಸಿ. ಉಳಿದ ತೇವವನ್ನು ಅದು ಎಳೆದುಕೊಳ್ಳುತ್ತದೆ. ಚಪಾತಿಯ ಒಳಮೈಗೆ ಮೊದಲು ತುಪ್ಪ ಸವರಿದರೆ ಪಲ್ಯದ ನೀರು ಇಳಿಯದ ಹಾಗೆ ತಡೆಯಾಗುತ್ತದೆ. ಚಪಾತಿ ಚರ್ಮದ ಹಾಗಾಗುವುದಕ್ಕೆ ಮುಖ್ಯ ಕಾರಣ ಸಣ್ಣ ಉರಿ. ಕಾವಲಿ ಚೆನ್ನಾಗಿ ಕಾಯದಿದ್ದರೆ ಬೇಯಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಒಳಗಿನ ತೇವವೆಲ್ಲ ಆರುತ್ತದೆ. ಬಿಸಿ ನೀರಿನಲ್ಲಿ ಕಲಸಿ, ಇಪ್ಪತ್ತು ನಿಮಿಷ ನೆನೆಸಿ, ಜೋರು ಉರಿಯಲ್ಲಿ ಬೇಗ ಬೇಯಿಸಿ.

ಕೈಯಲ್ಲಿ ಹಿಡಿದು ತಿನ್ನುವ ತಿಂಡಿ: ಪಡ್ಡು

ನಿಧಾನಕ್ಕೆ ತಿನ್ನುವ ಮಗುವಿಗೂ ಗಟ್ಟಿಯಾದ ಹೊರಮೈ ಇಷ್ಟಪಡುವ ಮಗುವಿಗೂ ಪಡ್ಡು ಹೇಳಿ ಮಾಡಿಸಿದ್ದು. ಗಟ್ಟಿಯಾದ ದೋಸೆ ಹಿಟ್ಟು ಒಂದು ಕಪ್, ಚಿರೋಟಿ ರವೆ ಒಂದು ದೊಡ್ಡ ಚಮಚ, ತುರಿದ ಕ್ಯಾರೆಟ್ ಎರಡು ಚಮಚ, ಉಪ್ಪು. ಇಷ್ಟರಲ್ಲಿ ಹತ್ತು ಹನ್ನೆರಡು ಪಡ್ಡು ಆಗುತ್ತವೆ. ಕುಳಿಗೆ ಎಣ್ಣೆ ಬಿಟ್ಟು, ಮುಕ್ಕಾಲು ಕುಳಿ ಹಿಟ್ಟು ಹೊಯ್ದು, ಮಧ್ಯಮ ಉರಿಯಲ್ಲಿ ಮುಚ್ಚಿ ಮೂರು ನಿಮಿಷ, ಮಗುಚಿ ಎರಡು ನಿಮಿಷ. ಹಿಟ್ಟು ತೆಳ್ಳಗಿದ್ದರೆ ಹೊರಗೆ ಕೆಂಪಾಗಿ ಒಳಗೆ ಅಂಟಂಟಾಗಿ ಉಳಿಯುತ್ತದೆ. ಬೆಂದದ್ದನ್ನು ನೇರ ಡಬ್ಬಿಗೆ ಹಾಕದೆ ಬಟ್ಟೆಯ ಮೇಲೆ ಹತ್ತು ನಿಮಿಷ ಆರಿಸಿ. ಇಲ್ಲವಾದರೆ ಹಬೆ ಮುಚ್ಚಳಕ್ಕೆ ತಾಗಿ, ಹನಿಯಾಗಿ ಕೆಳಗಿಳಿದು ತಳವೆಲ್ಲ ಒದ್ದೆಯಾಗುತ್ತದೆ.

ಬೇಸಿಗೆಗೆ ಗೊಜ್ಜವಲಕ್ಕಿಯೂ ಒಳ್ಳೆಯದು. ಹುಣಸೆಯ ಹುಳಿ ಇರುವುದರಿಂದ ಬೇಗ ಕೆಡುವುದಿಲ್ಲ, ಪುಡಿಯಾಗಿರುವುದರಿಂದ ತುಂಡಿನ ಗೋಜೂ ಇಲ್ಲ. ಸೇಬನ್ನು ಒಂದು ಕಪ್ ನೀರಿಗೆ ಕಾಲು ಚಮಚ ಉಪ್ಪು ಬೆರೆಸಿ ಐದು ನಿಮಿಷ ಅದ್ದಿ, ತೊಳೆದು ಒರೆಸಿದರೆ ಕಪ್ಪಾಗುವುದಿಲ್ಲ. ದ್ರಾಕ್ಷಿಯನ್ನು ಚಿಕ್ಕ ಮಕ್ಕಳಿಗೆ ಉದ್ದಕ್ಕೆ ಸೀಳಿಯೇ ಕೊಡಿ, ಇಡೀ ಹಣ್ಣು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಕಡಲೆಕಾಯಿ, ಮೊಟ್ಟೆಗೆ ಶಾಲೆಯಲ್ಲಿ ನಿರ್ಬಂಧ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಹೊಸದನ್ನು ಯಾವಾಗ ಕೊಡುವುದು

ಡಬ್ಬಿಯಲ್ಲಿ ಎಂದೂ ಬೇಡ. ಅಮ್ಮನಿಲ್ಲದ ಕಡೆ, ಗದ್ದಲದ ನಡುವೆ, ಗಡಿಬಿಡಿಯಲ್ಲಿ ಯಾವ ಮಗುವೂ ಹೊಸ ರುಚಿಗೆ ಬಾಯಿ ತೆರೆಯುವುದಿಲ್ಲ. ಎರಡರಿಂದ ಆರು ವರ್ಷದ ನಡುವೆ ಹೊಸ ತಿನಿಸಿಗೆ ಹೆದರುವುದು ಬೆಳವಣಿಗೆಯ ಸಹಜ ಹಂತ. ಒಂದು ಪದಾರ್ಥ ಒಗ್ಗುವ ಮೊದಲು ಹತ್ತು ಹದಿನೈದು ಸಲ ತಟ್ಟೆಯಲ್ಲಿ ಕಾಣಿಸಿಕೊಳ್ಳಬೇಕಾಗಬಹುದು. ಎರಡು ಸಲ ಬೇಡವೆಂದ ಕೂಡಲೇ ‘ಇದು ಅವನಿಗೆ ಆಗುವುದಿಲ್ಲ’ ಎಂದು ಕೈಬಿಡಬೇಡಿ. ಭಾನುವಾರ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಾಗ ಒಂದು ಚಮಚದಷ್ಟು ಬಡಿಸಿ, ತಿನ್ನೆಂದು ಒತ್ತಾಯಿಸದೆ ಬಿಡಿ. ಮನೆಯಲ್ಲಿ ನಾಲ್ಕೈದು ಸಲ ತಾನಾಗಿ ತಿಂದ ಮೇಲೆ ಡಬ್ಬಿಗೆ ಹಾಕಿ. ಆಗಲೂ ಪಕ್ಕದಲ್ಲಿ ಅದರ ನೆಚ್ಚಿನದೊಂದು ಇರಲೇಬೇಕು.

ತಿನ್ನುವ ಪದಾರ್ಥಗಳ ಪಟ್ಟಿ ತಿಂಗಳಿಂದ ತಿಂಗಳಿಗೆ ಚಿಕ್ಕದಾಗುತ್ತಿದ್ದರೆ, ಹೊಸದನ್ನು ಕಂಡರೇ ಓಕರಿಕೆ ಬರುತ್ತಿದ್ದರೆ, ತೂಕ ಏರದೆ ನಿಂತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಅದು ಬೈದು ತಿದ್ದುವ ವಿಷಯವಲ್ಲ.

ಕಡೆಯದಾಗಿ ಡಬ್ಬಿಯ ವಾಷರ್

ಮುಚ್ಚಳದ ಒಳಗಿನ ರಬ್ಬರ್ ವಾಷರನ್ನು ದಿನವೂ ಬಿಚ್ಚಿ ತೊಳೆಯುವವರು ಕಡಿಮೆ. ಸಾಂಬಾರಿನ ಎಣ್ಣೆ, ಮೊಸರಿನ ಪಸೆ ಅಲ್ಲೇ ಕೂತು ಹಳಸು ವಾಸನೆ ಹಿಡಿಯುತ್ತದೆ. ವಾಸನೆ ಸೂಕ್ಷ್ಮವಾಗಿರುವ ಮಗು ಮುಚ್ಚಳ ತೆರೆದ ಕೂಡಲೇ ಮುಖ ತಿರುಗಿಸುತ್ತದೆ, ಒಳಗೆ ಎಷ್ಟೇ ಇಷ್ಟದ ತಿಂಡಿ ಇದ್ದರೂ ಸರಿ. ಸಂಜೆ ಡಬ್ಬಿ ಬಂದ ತಕ್ಷಣ ಚಮಚದ ಹಿಡಿಯಿಂದ ವಾಷರ್ ಎಬ್ಬಿಸಿ, ಬಿಸಿ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹದಿನೈದು ನಿಮಿಷ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ರಾತ್ರಿಯೆಲ್ಲ ಡಬ್ಬಿ, ಮುಚ್ಚಳ, ವಾಷರ್ ಮೂರೂ ಬೇರೆಬೇರೆಯಾಗಿ ಆರಲಿ. ಬೆಳಿಗ್ಗೆ ತುಂಬುವ ಮುಂಚೆ ಒಮ್ಮೆ ಮೂಸಿ ನೋಡಿ. ಆಮೇಲೂ ವಾಸನೆ ಹೋಗಿಲ್ಲವೆಂದರೆ ಪಾತ್ರೆ ಅಂಗಡಿಯಲ್ಲಿ ಅದೇ ಅಳತೆಯ ಬೇರೆ ವಾಷರ್ ಕೇಳಿ ತನ್ನಿ.