ತಲೆಯಾಡಿಸಿದ ಮಾತ್ರಕ್ಕೆ ಅರ್ಥವಾದಂತಲ್ಲ

ಆಸ್ತಮಾ ರೋಗಿಗಳ ಶುಶ್ರೂಷಕಿಯಾಗಿ ಕೆಲಸ ಆರಂಭಿಸಿದ ವರ್ಷಗಳಲ್ಲಿ, ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಿ ಕೊನೆಗೆ "ಅರ್ಥವಾಯಿತೇ?" ಎಂದು ಕೇಳುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ನನಗೂ ಸಮಾಧಾನವಾಗುತ್ತಿತ್ತು.

ಆ ಸಮಾಧಾನ ಕಳೆದದ್ದು ಅರವತ್ತು ದಾಟಿದ ಒಬ್ಬ ತಾಯಿಯಿಂದ. ಎರಡು ತಿಂಗಳಲ್ಲಿ ಮೂರನೆಯ ಸಲ ಉಬ್ಬಸವೆದ್ದು ಬಂದಿದ್ದರು. "ಇನ್‌ಹೇಲರ್ ಹೇಗೆ ತೆಗೆದುಕೊಳ್ಳುತ್ತೀರಿ, ಒಮ್ಮೆ ತೋರಿಸಿ ಅಮ್ಮ" ಎಂದೆ. ಅಲುಗಿಸದೆ ಬಾಯಿಗಿಟ್ಟರು, ಒತ್ತಿದರು, ಆಮೇಲೆ ಉಸಿರೆಳೆದರು. ಔಷಧದ ಬಿಳಿ ಮಂಜು ತುಟಿಯಂಚಿನಿಂದ ಹೊರಗೆ ಹೋಗುವುದು ಕಣ್ಣಿಗೇ ಕಾಣುತ್ತಿತ್ತು. ಅದಲ್ಲದೆ, ದಿನವೂ ತೆಗೆದುಕೊಳ್ಳಬೇಕಾದ ಸ್ಟೀರಾಯ್ಡ್ ಇನ್‌ಹೇಲರನ್ನು ಅವರು ಉಬ್ಬಸ ಬಂದಾಗ ಮಾತ್ರ ಬಳಸುತ್ತಿದ್ದರು.

"ಉಸಿರಾಟ ಚೆನ್ನಾಗಿರುವಾಗ ಔಷಧ ಯಾಕೆ ಸಿಸ್ಟರ್?"

ಕೇಳಿದ್ದರಲ್ಲಿ ತಪ್ಪೇನಿತ್ತು? ಉಸಿರು ಸರಾಗವಾಗಿರುವಾಗಲೂ ಶ್ವಾಸನಾಳದ ಒಳಗೆ ಉರಿಯೂತ ಉಳಿದಿರುತ್ತದೆ, ಈ ಔಷಧ ಅದನ್ನು ದಿನದಿನವೂ ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತದೆ ಎಂದು ನಾನು ಅವರಿಗೆ ತಿಳಿಯುವಂತೆ ಹೇಳಿರಲೇ ಇಲ್ಲ. "ಇದು ಪ್ರಿವೆಂಟರ್" ಎಂದು ಹೇಳಿ ಕೈತೊಳೆದುಕೊಂಡಿದ್ದೆ.

ಅಂದಿನಿಂದ ಆ ಹಳೆಯ ಪ್ರಶ್ನೆಯನ್ನು ಬಿಟ್ಟೆ. ಈಗ, "ಮನೆಯವರು ಕೇಳಿದರೆ ಇದನ್ನು ಹೇಗೆ ವಿವರಿಸುತ್ತೀರಿ? ನಾನು ಸರಿಯಾಗಿ ಹೇಳಿದ್ದೇನೆಯೋ ಇಲ್ಲವೋ ನನಗೆ ತಿಳಿಯಬೇಕು" ಎನ್ನುತ್ತೇನೆ. ಎರಡನೆಯ ವಾಕ್ಯವನ್ನು ನಾನು ಎಂದೂ ಬಿಡುವುದಿಲ್ಲ. ಅದಿಲ್ಲದಿದ್ದರೆ ಪರೀಕ್ಷೆಗೆ ಕೂರಿಸಿದಂತಾಗಿ ರೋಗಿಗಳು ಮುದುಡಿಕೊಳ್ಳುತ್ತಾರೆ. ಒಂದು ಭೇಟಿಗೆ ಒಂದೆರಡು ಸಂಗತಿ ಸಾಕು. ಇನ್‌ಹೇಲರ್ ಅಲುಗಿಸಿ, ಉಸಿರನ್ನು ಹೊರಬಿಟ್ಟು, ನಿಧಾನವಾಗಿ ಒಳಗೆಳೆಯಲು ತೊಡಗುತ್ತಲೇ ಒತ್ತಿ, 10 ಸೆಕೆಂಡು ಉಸಿರು ಹಿಡಿಯುವುದು. ಇದು ಕೈಗೆ ಬರುವವರೆಗೆ ಬೇರೆಯದನ್ನು ಎತ್ತುವುದಿಲ್ಲ. ತಪ್ಪಿದರೆ ಬೇರೆ ಮಾತುಗಳಲ್ಲಿ ಹೇಳಿ ಮತ್ತೆ ತೋರಿಸಲು ಕೇಳುತ್ತೇನೆ. ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಿಕೆಯಾಗದವರಿಗೆ ಸ್ಪೇಸರ್, ಅಂದರೆ ಇನ್‌ಹೇಲರಿಗೆ ಜೋಡಿಸಿ ಔಷಧವನ್ನು ಸ್ವಲ್ಪ ಹೊತ್ತು ಹಿಡಿದಿಡುವ ಕೊಳವೆ ಕೊಡುತ್ತೇವೆ. ಸಮಯವೆಲ್ಲಿದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಅದೇ ರೋಗಿ ಮೂರು ಸಲ ತುರ್ತು ಚಿಕಿತ್ಸೆಗೆ ಬಂದಾಗ ಹೋದ ಸಮಯವನ್ನು ನಾನು ನೋಡಿದ್ದೇನೆ.

ಉಸಿರನ್ನು ಎಷ್ಟು ವೇಗವಾಗಿ ಹೊರಗೆ ಊದಬಲ್ಲೆವು ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಊದುವುದನ್ನೂ ಆ ತಾಯಿಗೆ ಕಲಿಸಿದೆವು. ಬೆಳಿಗ್ಗೆ, ಸಂಜೆ ಮೂರು ಮೂರು ಸಲ ಊದಿ, ಅತಿ ಹೆಚ್ಚಿನ ಅಂಕಿಯನ್ನು ಬರೆದಿಡಬೇಕು. ಮುಂದಿನ ಭೇಟಿಗೆ ನೋಟ್‌ಬುಕ್ ಹಿಡಿದು ಬಂದವರು ನಾವು ಕೇಳುವ ಮೊದಲೇ ಒಂದು ಪುಟ ಬಿಡಿಸಿದರು. 320 ಇದ್ದದ್ದು 250ಕ್ಕೆ ಇಳಿದಿತ್ತು.

"ಈ ವಾರ ಔಷಧ ಬಿಟ್ಟಿದ್ದೆ. ಉಬ್ಬಸ ಇರಲಿಲ್ಲ, ಆದರೂ ಇಳಿದಿದೆ ನೋಡಿ" ಎಂದು ಆ ಸಾಲಿನ ಮೇಲೆ ಬೆರಳಿಟ್ಟರು. ಮತ್ತೆ ವೈದ್ಯರ ಕಡೆ ತಿರುಗಿ, "ಎಷ್ಟಕ್ಕೆ ಇಳಿದರೆ ಕಾಯದೆ ಬರಬೇಕು?" ಎಂದು ಕೇಳಿದರು.

ಅವರ ಅತ್ಯುತ್ತಮ ಅಂಕಿಯ ಅರ್ಧ, ಅಂದರೆ 160 ಎಂದು ವೈದ್ಯರು ಅದೇ ಪುಟದಲ್ಲಿ ಬರೆದು ಅಡಿಗೆರೆ ಎಳೆದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು: "160ಕ್ಕಿಂತ ಕೆಳಗೆ ಹೋದರೆ ತಕ್ಷಣ ಉಬ್ಬಸ ಬೇಗ ಇಳಿಸುವ ನೀಲಿ ಇನ್‌ಹೇಲರ್ ತೆಗೆದುಕೊಂಡು ಆಸ್ಪತ್ರೆಗೆ ಹೊರಡಬೇಕು. ಸರಿಯಾಗಿ ಹೇಳಿದೆನೇ ಸಿಸ್ಟರ್?"