ಶಾಲೆಯ ವೆಬ್‌ಸೈಟ್ ಕಟ್ಟುವುದು, ನಡೆಸುವುದು: ಕರಾವಳಿಯ ಶಾಲೆಗಳಿಗೆ ಒಂದು ಕೈಪಿಡಿ

ಉಡುಪಿ ಜಿಲ್ಲೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಬಿರುಸಾದಾಗಲೆಲ್ಲ ಪೋಷಕರ ಮುಂದೆ ಒಂದೇ ಪ್ರಶ್ನೆ ಇರುತ್ತದೆ: ನಾಳೆ ಶಾಲೆ ಇದೆಯೇ? ಜಿಲ್ಲಾಧಿಕಾರಿಗಳ ರಜೆ ಆದೇಶ ಕೆಲವೊಮ್ಮೆ ರಾತ್ರಿ ಹೊರಬೀಳುತ್ತದೆ, ಕೆಲವೊಮ್ಮೆ ಬೆಳಗ್ಗೆ. ಅದು ಒಮ್ಮೆ ಇಡೀ ಜಿಲ್ಲೆಗೆ ಅನ್ವಯಿಸಿದರೆ ಇನ್ನೊಮ್ಮೆ ಬೈಂದೂರು, ಕುಂದಾಪುರದಂಥ ಕೆಲವು ತಾಲ್ಲೂಕುಗಳಿಗೆ ಮಾತ್ರ. ಒಮ್ಮೆ ಪದವಿಪೂರ್ವ ಕಾಲೇಜುಗಳನ್ನೂ ಒಳಗೊಂಡರೆ ಇನ್ನೊಮ್ಮೆ ಪ್ರೌಢಶಾಲೆಯವರೆಗಿನ ತರಗತಿಗಳಿಗೇ ಸೀಮಿತ. ಈ ನಡುವೆ ವಾಟ್ಸಾಪ್‌ನಲ್ಲಿ ಹಳೆಯ ಆದೇಶದ ಪ್ರತಿಗಳೂ ದಿನಾಂಕ ತಿದ್ದಿದ ಪ್ರತಿಗಳೂ ಓಡಾಡುತ್ತಿರುತ್ತವೆ. ಶಾಲೆಗೆ ತನ್ನದೇ ವೆಬ್‌ಸೈಟ್ ಏಕೆ ಬೇಕು ಎಂಬುದಕ್ಕೆ ಇಷ್ಟು ಕಾರಣ ಸಾಕು. ಶಾಲೆ ಸ್ವತಃ ಹೇಳಿದ ಮಾತು ಸಿಗುವ ಒಂದು ಖಚಿತವಾದ ಜಾಗ ಇರಬೇಕು, ಮತ್ತು ಆ ಮಾತನ್ನು ಯಾವುದೇ ಶಿಕ್ಷಕರು ತಮ್ಮ ಫೋನಿನಿಂದಲೇ ಐದು ನಿಮಿಷದೊಳಗೆ ಅಲ್ಲಿ ಬರೆಯುವಂತಿರಬೇಕು. ಈ ಕೈಪಿಡಿಯ ಪ್ರತಿಯೊಂದು ಸಲಹೆಯ ಹಿಂದೆ ಇರುವುದು ಈ ಒಂದೇ ಅಳತೆಗೋಲು.

ತಂತ್ರಾಂಶದ ಆಯ್ಕೆ

ಸಿದ್ಧ ವಿನ್ಯಾಸಗಳ ಮೇಲೆ ವೆಬ್‌ಸೈಟ್ ಕಟ್ಟಲು ಅನೇಕ ತಂತ್ರಾಂಶಗಳಿವೆ. ನಾನು ಶಾಲೆಗಳಿಗೆ ಸೂಚಿಸುವುದು ವರ್ಡ್‌ಪ್ರೆಸ್. 2003ರ ಮೇ ತಿಂಗಳಲ್ಲಿ ಮೊದಲ ಆವೃತ್ತಿ ಕಂಡ ಈ ತಂತ್ರಾಂಶ ಮುಕ್ತ ಪರವಾನಗಿಯದು. ಅದಕ್ಕೆ ಶುಲ್ಕವಿಲ್ಲ, ಮತ್ತು ಒಂದು ಹೋಸ್ಟಿಂಗ್ ಕಂಪನಿ (ವೆಬ್‌ಸೈಟ್ ಇಡಲು ತನ್ನ ಸರ್ವರ್‌ನಲ್ಲಿ ಜಾಗ ಕೊಡುವ ಸಂಸ್ಥೆ) ಸರಿಬರದಿದ್ದರೆ ಇಡೀ ವೆಬ್‌ಸೈಟನ್ನು ಎತ್ತಿ ಇನ್ನೊಂದು ಕಡೆ ಇಡಬಹುದು. ಮೂವತ್ತು ನಲವತ್ತು ಮಕ್ಕಳಿರುವ, ವಿಳಾಸ ಮತ್ತು ಪರಿಚಯದ ಎರಡು ಪುಟಗಳಷ್ಟೇ ಬೇಕಾದ ಕಿರಿಯ ಪ್ರಾಥಮಿಕ ಶಾಲೆಗೆ ಗೂಗಲ್ ಸೈಟ್ಸ್ ಕೂಡ ಸಾಲುತ್ತದೆ. ಆದರೆ ಅದರಲ್ಲಿ ದಿನಾಂಕವಾರು ಸೂಚನೆಗಳು ತಾವಾಗಿಯೇ ಸಾಲುಗಟ್ಟುವ ವ್ಯವಸ್ಥೆ ಇಲ್ಲ. ಆದ್ದರಿಂದ ಸೂಚನೆಗಳೇ ಮುಖ್ಯವೆನ್ನುವ ಶಾಲೆ ವರ್ಡ್‌ಪ್ರೆಸ್ ಹಿಡಿಯುವುದು ಒಳ್ಳೆಯದು.

ಶಾಲೆಯ ಕಂಪ್ಯೂಟರ್ ಕೊಠಡಿಯ ಯಂತ್ರದಲ್ಲೇ ವೆಬ್‌ಸೈಟ್ ಇಡಬಹುದಲ್ಲವೇ ಎಂದು ಕೆಲವು ಆಡಳಿತ ಮಂಡಳಿಗಳು ಕೇಳುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋಗುವ ಹೊತ್ತೇ ಪೋಷಕರು ವೆಬ್‌ಸೈಟ್ ತೆರೆಯುವ ಹೊತ್ತು. ಒಂದೇ ಸರ್ವರನ್ನು ಹಲವು ವೆಬ್‌ಸೈಟ್‌ಗಳು ಹಂಚಿಕೊಳ್ಳುವ ಸಾಧಾರಣ ಶೇರ್ಡ್ ಹೋಸ್ಟಿಂಗ್ ಒಂದು ಶಾಲೆಗೆ ಧಾರಾಳವಾಗಿ ಸಾಕು, ಮತ್ತು ಹೆಚ್ಚಿನ ಕಂಪನಿಗಳ ನಿಯಂತ್ರಣ ಫಲಕದಲ್ಲಿ ವರ್ಡ್‌ಪ್ರೆಸ್ ಸ್ಥಾಪಿಸಲು ಒಂದು ಬಟನ್ ಒತ್ತಿದರಾಯಿತು.

ಡೊಮೇನ್ ಹೆಸರಿನ, ಅಂದರೆ ವೆಬ್‌ಸೈಟಿನ ವಿಳಾಸದ, ವಿಷಯದಲ್ಲಿ ಮಾತ್ರ ಅವಸರ ಬೇಡ. ಅದು ಶಾಲೆಯ ಅಥವಾ ಆಡಳಿತ ಮಂಡಳಿಯ ಹೆಸರಿನಲ್ಲೇ ನೋಂದಣಿಯಾಗಬೇಕು; ವೆಬ್‌ಸೈಟ್ ಮಾಡಿಕೊಡುವವರ ಹೆಸರಿನಲ್ಲಾಗಲಿ ಆಸಕ್ತಿ ವಹಿಸಿದ ಒಬ್ಬ ಶಿಕ್ಷಕರ ಹೆಸರಿನಲ್ಲಾಗಲಿ ಅಲ್ಲ. ನವೀಕರಣದ ನೆನಪೋಲೆಗಳು ನೋಂದಣಿ ವೇಳೆ ಕೊಟ್ಟ ಇಮೇಲ್ ವಿಳಾಸಕ್ಕೆ ಬರುತ್ತವೆ. ಆ ಶಿಕ್ಷಕರು ವರ್ಗಾವಣೆಯಾಗಿ ಹೋದರೆ ನೆನಪೋಲೆಯೂ ಅವರ ಹಿಂದೆಯೇ ಹೋಗುತ್ತದೆ, ಗಡುವು ಮುಗಿದ ಹೆಸರನ್ನು ಬೇರೆ ಯಾರೋ ಕೊಂಡುಕೊಳ್ಳುತ್ತಾರೆ, ಮತ್ತು ಶಾಲೆಯ ಹಳೆಯ ವಿಳಾಸ ತೆರೆದ ಪೋಷಕರಿಗೆ ಯಾವುದೋ ಜಾಹೀರಾತು ಕಾಣುತ್ತದೆ. ಆದ್ದರಿಂದ ಮುಖ್ಯೋಪಾಧ್ಯಾಯರ ಹುದ್ದೆಯ ಹೆಸರಿನಲ್ಲಿ ಒಂದು ಇಮೇಲ್ ತೆರೆದು, ಎಲ್ಲ ಖಾತೆಗಳನ್ನೂ ಅದಕ್ಕೇ ಜೋಡಿಸಿ. ಡಾಟ್ ಇನ್ (.in) ಎಂದು ಕೊನೆಗೊಳ್ಳುವ ಹೆಸರನ್ನು ಒಮ್ಮೆಗೆ ಗರಿಷ್ಠ 10 ವರ್ಷಗಳವರೆಗೆ ನೋಂದಾಯಿಸಬಹುದು. ಹಣಕಾಸು ಅನುಕೂಲವಿದ್ದರೆ ಐದು ವರ್ಷಕ್ಕಾದರೂ ಕಟ್ಟಿಬಿಡುವುದು ಕ್ಷೇಮ.

ಮೊದಲ ದಿನದ ಸೆಟ್ಟಿಂಗ್‌ಗಳು

ಸ್ಥಾಪನೆಯಾದ ಕೂಡಲೇ ಥೀಮ್ (ಸಿದ್ಧ ವಿನ್ಯಾಸ) ಹುಡುಕಲು ಹೊರಡುವ ಮೊದಲು ‘ಸೆಟ್ಟಿಂಗ್ಸ್’ ವಿಭಾಗದಲ್ಲಿ ಒಂದರ್ಧ ಗಂಟೆ ಕಳೆಯಿರಿ. ‘ಜನರಲ್’ ಪುಟದಲ್ಲಿ ಕಾಲವಲಯ ‘ಕೋಲ್ಕತಾ’ ಎಂದಿರಬೇಕು. ವರ್ಡ್‌ಪ್ರೆಸ್ ಸಾಮಾನ್ಯವಾಗಿ ಜಾಗತಿಕ ಪ್ರಮಾಣಿತ ಸಮಯದಲ್ಲಿ ತೆರೆದುಕೊಳ್ಳುತ್ತದೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಇದನ್ನು ಬದಲಿಸದಿದ್ದರೆ ಬೆಳಗ್ಗೆ 6ಕ್ಕೆ ಪ್ರಕಟವಾಗಲೆಂದು ರಾತ್ರಿ ಸಿದ್ಧಪಡಿಸಿಟ್ಟ ಸೂಚನೆ ಹೊರಬರುವುದು 11.30ಕ್ಕೆ. ಅದೇ ಪುಟದಲ್ಲಿ ಭಾಷೆಯಾಗಿ ಕನ್ನಡವನ್ನು ಆರಿಸಬಹುದು. ಡ್ಯಾಶ್‌ಬೋರ್ಡಿನ, ಅಂದರೆ ಲಾಗಿನ್ ಆದಾಗ ಕಾಣುವ ನಿರ್ವಹಣಾ ಪರದೆಯ, ಕೆಲವೆಡೆ ಇಂಗ್ಲಿಷ್ ಪದಗಳು ಉಳಿದುಕೊಂಡರೂ ಪ್ರಕಟವಾದ ಪುಟದಲ್ಲಿ ತಿಂಗಳು, ವಾರಗಳ ಹೆಸರುಗಳು ಕನ್ನಡದಲ್ಲೇ ಬರುತ್ತವೆ.

‘ರೀಡಿಂಗ್’ ಪುಟದಲ್ಲಿ ಮುಖಪುಟಕ್ಕೆ ಒಂದು ಸ್ಥಿರ ಪುಟವನ್ನೂ, ಲೇಖನಗಳ ಪಟ್ಟಿಗೆ ‘ಸೂಚನೆಗಳು’ ಎಂಬ ಇನ್ನೊಂದು ಪುಟವನ್ನೂ ಗೊತ್ತುಮಾಡಿ. ಹುಡುಕುಯಂತ್ರಗಳು ಬಾರದಂತೆ ತಡೆಯುವ ಚೌಕವೊಂದು ಅಲ್ಲೇ ಇದೆ. ವೆಬ್‌ಸೈಟ್ ಸಿದ್ಧವಾಗುವವರೆಗೆ ಅದಕ್ಕೆ ಗುರುತು ಹಾಕಿದ್ದರೆ ಉದ್ಘಾಟನೆಯ ದಿನ ತಪ್ಪದೆ ತೆಗೆಯಿರಿ. ‘ಡಿಸ್ಕಶನ್’ ಪುಟದಲ್ಲಿ ಪ್ರತಿಕ್ರಿಯೆಗಳನ್ನು ಪೂರ್ತಿ ಮುಚ್ಚಿಬಿಡಿ. ಪೋಷಕರ ಅಹವಾಲು ಕೇಳಲು ಫೋನ್ ಇದೆ, ಪೋಷಕರ ಸಭೆ ಇದೆ. ಅನಾಮಧೇಯ ಜಾಹೀರಾತುಗಳನ್ನು ದಿನವೂ ಅಳಿಸುತ್ತ ಕೂರುವುದು ಶಿಕ್ಷಕರ ಕೆಲಸವಲ್ಲ.

ಇನ್ನು ‘ಪರ್ಮಾಲಿಂಕ್ಸ್’, ಅಂದರೆ ಒಂದೊಂದು ಪುಟದ ಶಾಶ್ವತ ವಿಳಾಸ. ಕನ್ನಡ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಅದರಿಂದಲೇ ಪುಟದ ವಿಳಾಸವನ್ನೂ ರೂಪಿಸುತ್ತದೆ. ವಿಳಾಸದೊಳಗೆ ಕನ್ನಡದ ಒಂದೊಂದು ಅಕ್ಷರಚಿಹ್ನೆಯೂ ಶೇಕಡಾ ಗುರುತು, ಅಂಕಿ, ಇಂಗ್ಲಿಷ್ ಅಕ್ಷರ ಸೇರಿ ಒಂಬತ್ತು ಸ್ಥಾನಗಳನ್ನು ನುಂಗುತ್ತದೆ, ಮತ್ತು ಈ ಭಾಗಕ್ಕೆ ಇರುವ ಮಿತಿ 200 ಸ್ಥಾನಗಳು. ಹಾಗಾಗಿ ಇಪ್ಪತ್ತೆರಡು ಚಿಹ್ನೆಗಳ ಆಚೆಗೆ ಶೀರ್ಷಿಕೆ ತುಂಡಾಗುತ್ತದೆ. ವಾಟ್ಸಾಪ್‌ಗೆ ಅಂಟಿಸಿದಾಗ ಕಾಣುವುದು ನಾಲ್ಕೈದು ಸಾಲಿನ ಅರ್ಥವಾಗದ ಸರಪಳಿ. ಪ್ರಕಟಿಸುವ ಮುನ್ನ ಬಲಬದಿಯ ಪಟ್ಟಿಯಲ್ಲಿ ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಬರೆದರೆ, ರಜೆ ಎಂಬ ಪದ ಮತ್ತು ದಿನಾಂಕ ಇದ್ದರೆ ಸಾಕು, ಪೋಷಕರು ಅನುಮಾನವಿಲ್ಲದೆ ಒತ್ತುವಂಥ ಕೊಂಡಿ ಸಿಗುತ್ತದೆ.

ಥೀಮ್: ಕನ್ನಡಕ್ಕೆ ಒಗ್ಗುವುದೇ ನೋಡಿ

ಥೀಮ್ ಎಂದರೆ ಪುಟದ ಬಣ್ಣ, ಅಕ್ಷರ, ಅಂಕಣಗಳನ್ನು ನಿರ್ಧರಿಸುವ ಸಿದ್ಧ ವಿನ್ಯಾಸ. ಶಾಲೆಗಳಿಗೆಂದೇ ಮಾಡಿದ ಥೀಮ್‌ಗಳು ಸಾವಿರಾರು ಸಿಗುತ್ತವೆ, ಆದರೆ ಅವುಗಳ ಮಾದರಿ ಪುಟಗಳೆಲ್ಲ ಇಂಗ್ಲಿಷ್ ಅಕ್ಷರಗಳಿಗೆ ಹೊಂದಿಸಿದವು. ಇಂಗ್ಲಿಷ್ ಸಾಲುಗಳ ನಡುವೆ ಅಂತರ ಕಡಿಮೆಯಿದ್ದರೂ ನಡೆಯುತ್ತದೆ. ಕನ್ನಡಕ್ಕೆ ಒತ್ತಕ್ಷರ ಕೆಳಗಿಳಿಯಲು, ಗುಡಿಸು ಮೇಲೇರಲು ಜಾಗ ಬೇಕು. ಯಾವುದೇ ಥೀಮ್ ಒಪ್ಪಿಕೊಳ್ಳುವ ಮೊದಲು ‘ರಾಷ್ಟ್ರೀಯ ಹಬ್ಬಗಳು ಮತ್ತು ಶಾಲಾ ವಾರ್ಷಿಕೋತ್ಸವ’ ಎಂಬ ಶೀರ್ಷಿಕೆಯನ್ನು ದೊಡ್ಡ ಅಕ್ಷರದಲ್ಲಿ ಹಾಕಿ, ಫೋನಿನಲ್ಲಿ ಅದು ಎರಡು ಸಾಲಾಗಿ ಮುರಿದಾಗ ಹೇಗೆ ಕಾಣುತ್ತದೆ ನೋಡಿ. ಮೇಲಿನ ಸಾಲಿನ ‘ಷ್ಟ್ರೀ’ಯ ಒತ್ತುಗಳು ಕೆಳಗಿನ ಸಾಲಿಗೆ ತಾಗಿದರೆ ಅಥವಾ ಅರ್ಧ ಕತ್ತರಿಸಿಹೋದರೆ, ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟಿನ ನಡುವೆ ಇಡಬೇಕು. ಅಕ್ಷರಗಳ ನಡುವಿನ ಹೆಚ್ಚುವರಿ ಅಂತರವನ್ನು ಸೊನ್ನೆಗೆ ತನ್ನಿ. ಫಾಂಟ್ ಆಗಿ ನೋಟೋ ಸ್ಯಾನ್ಸ್ ಕನ್ನಡ ನಿಶ್ಚಿಂತೆಯ ಆಯ್ಕೆ. ಓದುವ ಬರಹಕ್ಕೆ ಟಿರೋ ಕನ್ನಡವೂ ಚೆನ್ನಾಗಿದೆ.

ಉರುಳುವ ಚಿತ್ರಮಾಲೆ, ಹಾರುವ ಅಕ್ಷರ, ಪುಟ ತೆರೆದೊಡನೆ ಶುರುವಾಗುವ ವಿಡಿಯೊ, ಇವುಗಳಲ್ಲಿ ಯಾವುದೂ ಬೇಡ. ಕಾರ್ಕಳದಾಚೆ, ಹೆಬ್ರಿಯ ಘಟ್ಟದ ಬುಡದಲ್ಲಿ ನೆಟ್‌ವರ್ಕ್ ಒಂದು ಕಡ್ಡಿಗೆ ಇಳಿದಿರುವಾಗ ಪುಟ ತೆರೆಯುವ ತಾಯಿಗೆ ಬೇಕಾದದ್ದು ಸೂಚನೆಯ ಒಂದು ಸಾಲು. ಮುಖಪುಟದಲ್ಲಿ ಶಾಲೆಯ ಹೆಸರು, ಇತ್ತೀಚಿನ ಐದು ಸೂಚನೆಗಳು, ಕಚೇರಿಯ ಫೋನ್ ಸಂಖ್ಯೆ ಇಷ್ಟು ಮೊದಲ ನೋಟಕ್ಕೇ ಕಾಣಲಿ. ಕಟ್ಟಡದ ಚಿತ್ರ ಅದರ ಕೆಳಗೆ ಬರಲಿ.

ಪುಟಗಳು ಮತ್ತು ಸೂಚನೆಗಳು

ವರ್ಡ್‌ಪ್ರೆಸ್‌ನಲ್ಲಿ ‘ಪೇಜ್’ ಮತ್ತು ‘ಪೋಸ್ಟ್’ ಎಂಬ ಎರಡು ಬಗೆಗಳಿವೆ. ವರ್ಷವಿಡೀ ಬದಲಾಗದ ಸಂಗತಿಗಳು ಪೇಜ್: ಶಾಲೆಯ ಇತಿಹಾಸ, ಪ್ರವೇಶದ ವಿವರ, ಸಿಬ್ಬಂದಿ, ಸಂಪರ್ಕ. ದಿನಾಂಕವಿರುವುದೆಲ್ಲ ಪೋಸ್ಟ್. ಇತಿಹಾಸದ ಪುಟವನ್ನು ಮನಸ್ಸಿಟ್ಟು ಬರೆಯಿರಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಶತಮಾನ ದಾಟಿದ ಅನುದಾನಿತ ಕನ್ನಡ ಶಾಲೆಗಳು ಎಷ್ಟೋ ಇವೆ. ಅಲ್ಲಿ ಕಲಿತವರು ಮುಂಬಯಿಯಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ್ದು, ಶಾಲೆಗೆ ಕೊಠಡಿಯೋ ಬಿಸಿಯೂಟದ ಪಾತ್ರೆಯೋ ಬೇಕಾದಾಗ ಮೊದಲು ಕೈ ಚಾಚುವವರು ಅವರೇ. ಅವರು ಓದುವುದು ಈ ಪುಟವನ್ನು. ಸ್ಥಾಪನೆಯ ವರ್ಷ, ಜಾಗ ಕೊಟ್ಟವರು, ಹಿಂದಿನ ಮುಖ್ಯೋಪಾಧ್ಯಾಯರ ಅನುಕ್ರಮ, ಇವನ್ನು ಶಾಲಾ ದಾಖಲೆ ನೋಡಿಯೇ ಬರೆಯಬೇಕು.

ಸಿಬಿಎಸ್‌ಇ ಶಾಲೆಗಳು ಮಂಡಳಿ ಕಡ್ಡಾಯ ಮಾಡಿರುವ ಸಾರ್ವಜನಿಕ ಮಾಹಿತಿ ಪುಟವನ್ನೂ ಇಡಬೇಕು. ಉಳಿದ ಶಾಲೆಗಳೂ ತಮ್ಮ 11 ಅಂಕಿಯ ಯು-ಡೈಸ್ ಸಂಖ್ಯೆಯನ್ನು (ಸರ್ಕಾರ ಪ್ರತಿ ಶಾಲೆಗೂ ಕೊಡುವ ಗುರುತಿನ ಸಂಖ್ಯೆ) ಸಂಪರ್ಕ ಪುಟದಲ್ಲಿ ಹಾಕಿದರೆ ಅನುಕೂಲ.

ಸೂಚನೆ ಬರೆಯುವ ಕ್ರಮಕ್ಕೆ ಬರೋಣ. ಶೀರ್ಷಿಕೆಯೇ ಇಡೀ ಸುದ್ದಿಯನ್ನು ಹೇಳಬೇಕು. ‘ತುರ್ತು ಸೂಚನೆ’ ಎಂಬ ಶೀರ್ಷಿಕೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ‘ಜುಲೈ 15, ಮಂಗಳವಾರ: ಭಾರೀ ಮಳೆಯ ಕಾರಣ 1ರಿಂದ 10ನೇ ತರಗತಿಗೆ ರಜೆ’ ಎಂದಿದ್ದರೆ ಒಳಗೆ ಹೋಗದೆಯೇ ವಿಷಯ ಮುಗಿಯುತ್ತದೆ. ಒಳಗೆ ಮೂರು ವಾಕ್ಯ ಸಾಕು: ಯಾರ ಆದೇಶ, ಯಾವ ತರಗತಿಗಳಿಗೆ, ಆ ದಿನದ ಪರೀಕ್ಷೆ ಅಥವಾ ಕಾರ್ಯಕ್ರಮ ಯಾವಾಗ ನಡೆಯುತ್ತದೆ. ಆದೇಶದ ಸ್ಕ್ಯಾನ್ ಪ್ರತಿಯನ್ನು ಕೊನೆಯಲ್ಲಿ ಜೋಡಿಸಬಹುದು. ಆದರೆ ಬರೀ ಸ್ಕ್ಯಾನ್ ಹಾಕಿ ಕೈತೊಳೆದುಕೊಳ್ಳುವ ರೂಢಿ ಸಲ್ಲದು. ಸಣ್ಣ ಪರದೆಯಲ್ಲಿ ಅದನ್ನು ಹಿಗ್ಗಿಸಿ ಎಳೆದಾಡಿ ಓದಬೇಕು, ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದ ಪೋಷಕರಿಗೆ ಫೋನ್ ಓದಿ ಹೇಳುವುದೂ ಇಲ್ಲ.

ಈ ಮಾದರಿಯನ್ನು ಒಮ್ಮೆ ಬರೆದು ‘ಪ್ಯಾಟರ್ನ್’ ಆಗಿ ಉಳಿಸಿಟ್ಟರೆ ಮುಂದಿನ ಸಲ ದಿನಾಂಕ, ತರಗತಿ ಬದಲಿಸುವುದಷ್ಟೇ ಕೆಲಸ. ಉಳಿಸುವಾಗ ‘ಸಿಂಕ್ಡ್’ ಎಂಬ ಆಯ್ಕೆ ಬಂದ್ ಆಗಿರಬೇಕು. ಅದು ಚಾಲೂ ಇದ್ದರೆ ಇಂದಿನ ಸೂಚನೆಯನ್ನು ತಿದ್ದಿದಾಗ ಹಿಂದಿನ ಸೂಚನೆಗಳೂ ಬದಲಾಗುತ್ತವೆ. ವೇಗಕ್ಕಾಗಿ ಕ್ಯಾಶ್ ಪ್ಲಗಿನ್ (ಪುಟದ ಸಿದ್ಧ ಪ್ರತಿಯನ್ನು ಉಳಿಸಿಟ್ಟು ತೋರಿಸುವ ಹೆಚ್ಚುವರಿ ತಂತ್ರಾಂಶ) ಹಾಕಿದ್ದರೆ, ಪ್ರಕಟಿಸಿದ ಮೇಲೆ ಅದನ್ನು ಖಾಲಿ ಮಾಡಿ, ಲಾಗಿನ್ ಆಗದ ಬೇರೊಂದು ಫೋನಿನಲ್ಲಿ ಪುಟ ತೆರೆದು ಖಾತ್ರಿಪಡಿಸಿಕೊಳ್ಳಿ. ಆಮೇಲೆ ಕೊಂಡಿಯನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಕಳುಹಿಸಿ. ಗುಂಪುಗಳನ್ನು ನಿಲ್ಲಿಸಬೇಕಾಗಿಲ್ಲ; ಅಲ್ಲಿ ಹೋಗುವ ಪ್ರತಿ ಸುದ್ದಿಯೂ ಶಾಲೆಯ ಪುಟಕ್ಕೆ ಬೆರಳು ತೋರಿಸುತ್ತಿರಲಿ.

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಕಡತಗಳಿಂದ ಪಠ್ಯ ನಕಲಿಸುವಾಗ ಎಚ್ಚರ ಬೇಕು. ಯೂನಿಕೋಡ್ (ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಕಡತವನ್ನು ನೇರವಾಗಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ. ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಾಯಿಸಿ, ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ಓದಿ ತಿದ್ದಿ, ಆಮೇಲೆ ಹಾಕಿ.

ಚಿತ್ರಗಳು ಮತ್ತು ಮಕ್ಕಳ ವಿವರ

ಡಿಸೆಂಬರ್, ಜನವರಿಯ ವಾರ್ಷಿಕೋತ್ಸವ ಮುಗಿದೊಡನೆ ಮಕ್ಕಳ ಯಕ್ಷಗಾನದ ಚಿತ್ರಗಳನ್ನು ಹಾಕಬೇಕೆಂದು ಎಲ್ಲರಿಗೂ ಆಸೆ, ಹಾಕಲೂಬೇಕು. ಆದರೆ ಫೋನಿನಿಂದ ಬಂದ ನಾಲ್ಕೈದು ಎಂಬಿಯ ಚಿತ್ರಗಳನ್ನು ಹಾಗೇ ಏರಿಸದೆ, ಅಗಲ 1200 ಪಿಕ್ಸೆಲ್‌ಗೆ ಇಳಿಸಿ ಒಂದೊಂದೂ 200 ಕೆಬಿ ಆಸುಪಾಸಿಗೆ ಬರುವಂತೆ ಮಾಡಿ. ನೂರು ಚಿತ್ರಗಳಿಗಿಂತ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿರುವ ಒಂದು, ಚೆಂಡೆ ಮದ್ದಳೆಯ ಮುಂದೆ ಕುಣಿಯುತ್ತಿರುವ ಇನ್ನೊಂದು, ಹೀಗೆ ಎಂಟು ಹತ್ತು ಸಾಕು.

ಚಿತ್ರದ ಕೆಳಗೆ ಮಗುವಿನ ಪೂರ್ಣ ಹೆಸರು, ತರಗತಿ, ಊರು ಮೂರನ್ನೂ ಒಟ್ಟಿಗೆ ಬರೆಯಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆಯನ್ನು ಕಾಯ್ದೆ ಕೇಳುತ್ತದೆ. ಪ್ರವೇಶ ಅರ್ಜಿಯ ಜೊತೆಗೇ ಚಿತ್ರ ಪ್ರಕಟಣೆಗೆ ಲಿಖಿತ ಒಪ್ಪಿಗೆ ಪಡೆದು ಕಡತದಲ್ಲಿಡಿ. ಒಪ್ಪದ ಪೋಷಕರಿಗೆ ಕಾರಣ ಕೇಳಬೇಡಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಇಡೀ ತರಗತಿಯ ಅಂಕಪಟ್ಟಿಯನ್ನು ನೋಂದಣಿ ಸಂಖ್ಯೆ, ಜನ್ಮದಿನಾಂಕದೊಂದಿಗೆ ಹಾಕುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಡಿಮೆ ಅಂಕ ಪಡೆದ ಮಗುವಿನ ಹೆಸರೂ ಅಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಶೇಕಡಾವಾರು ಫಲಿತಾಂಶ, ಮತ್ತು ಒಪ್ಪಿಗೆಯಿದ್ದರೆ ಹೆಚ್ಚು ಅಂಕ ಪಡೆದವರ ಹೆಸರು, ಇದಕ್ಕಿಂತ ಹೆಚ್ಚು ಬೇಕಾಗಿಲ್ಲ.

ಯಾರ ಕೈಯಲ್ಲಿ ಯಾವ ಕೀಲಿ

ಎಲ್ಲರೂ ಒಂದೇ ಪಾಸ್‌ವರ್ಡ್ ಹಂಚಿಕೊಳ್ಳುವ ಪದ್ಧತಿಯನ್ನು ಮೊದಲ ದಿನವೇ ತಪ್ಪಿಸಿ. ಸೂಚನೆ ಹಾಕುವ ಶಿಕ್ಷಕರಿಗೆ ‘ಆಥರ್’ ಪಾತ್ರ ಕೊಟ್ಟರೆ ಅವರು ತಮ್ಮ ಪೋಸ್ಟ್‌ಗಳನ್ನು ಬರೆದು ಪ್ರಕಟಿಸಬಹುದು, ಚಿತ್ರ ಏರಿಸಬಹುದು, ಆದರೆ ಪುಟಗಳನ್ನು ಮುಟ್ಟಲಾಗುವುದಿಲ್ಲ. ‘ಕಾಂಟ್ರಿಬ್ಯೂಟರ್’ ಪಾತ್ರದಲ್ಲಿ ಪ್ರಕಟಿಸುವ ಅಧಿಕಾರವಾಗಲಿ ಚಿತ್ರ ಏರಿಸುವ ಅವಕಾಶವಾಗಲಿ ಇಲ್ಲ, ಆದ್ದರಿಂದ ಮಳೆಗಾಲದ ಬೆಳಗ್ಗೆ ಅದು ಉಪಯೋಗಕ್ಕೆ ಬಾರದು. ಭಾಷೆ ತಿದ್ದಬಲ್ಲ ಕನ್ನಡ ಅಧ್ಯಾಪಕರೊಬ್ಬರು ‘ಎಡಿಟರ್’ ಆಗಲಿ. ‘ಅಡ್ಮಿನಿಸ್ಟ್ರೇಟರ್’ ಖಾತೆ ಇಬ್ಬರಿಗೆ ಮಾತ್ರ ಇದ್ದು, ಅದಕ್ಕೆ ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆಗೆ ಫೋನಿನ ಸಂಕೇತವನ್ನೂ ಕೇಳುವ ವ್ಯವಸ್ಥೆ) ಇರಬೇಕು. ಆ ಪಾಸ್‌ವರ್ಡ್‌ಗಳನ್ನು ಬರೆದು ಮೊಹರು ಮಾಡಿದ ಲಕೋಟೆಯಲ್ಲಿ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿಟ್ಟು, ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಅದನ್ನೂ ಒಂದು ಬಾಬ್ತಾಗಿ ಸೇರಿಸಿ.

ಪ್ಲಗಿನ್‌ಗಳು ಕಡಿಮೆಯಿದ್ದಷ್ಟೂ ಕ್ಷೇಮ. ಬ್ಯಾಕಪ್‌ಗೆ ಒಂದು, ಭದ್ರತೆಗೆ ಒಂದು, ಸಂಪರ್ಕ ನಮೂನೆ ಬೇಕಿದ್ದರೆ ಒಂದು. ಬ್ಯಾಕಪ್ ಪ್ರತಿ ಅದೇ ಸರ್ವರ್‌ನಲ್ಲಿ ಉಳಿಯದೆ ಶಾಲೆಯ ಗೂಗಲ್ ಡ್ರೈವ್‌ಗೆ ವಾರಕ್ಕೊಮ್ಮೆ ಹೋಗುವಂತೆ ಅಪ್‌ಡ್ರಾಫ್ಟ್‌ಪ್ಲಸ್‌ನಂಥ ಪ್ಲಗಿನ್‌ನಲ್ಲಿ ಹೊಂದಿಸಬಹುದು. ಅಪ್‌ಡೇಟ್ ಸೂಚನೆ ಬಂದಾಗ ಮೊದಲು ಬ್ಯಾಕಪ್, ಆಮೇಲೆ ಅಪ್‌ಡೇಟ್. ಮಳೆ ರಜೆಯ ಸಂಭವವಿರುವ ಸಂಜೆ ಮಾತ್ರ ಆ ಕೆಲಸಕ್ಕೆ ಕೈ ಹಾಕಬೇಡಿ.

ಪ್ರತಿ ವರ್ಷ ಮೇ ಕೊನೆಯ ವಾರದಲ್ಲಿ, ಶಾಲೆ ತೆರೆಯುವ ಮೊದಲು, ಇಬ್ಬರು ಕುಳಿತು ವೆಬ್‌ಸೈಟನ್ನು ಆದಿಯಿಂದ ಅಂತ್ಯದವರೆಗೆ ಓದಬೇಕು. ವರ್ಗವಾಗಿ ಹೋದ ಶಿಕ್ಷಕರ ಹೆಸರನ್ನು ಸಿಬ್ಬಂದಿ ಪುಟದಿಂದಲೂ ಅವರ ಖಾತೆಯನ್ನು ಬಳಕೆದಾರರ ಪಟ್ಟಿಯಿಂದಲೂ ತೆಗೆಯಿರಿ. ಖಾತೆ ಅಳಿಸುವಾಗ ಅವರು ಬರೆದ ಸೂಚನೆಗಳನ್ನು ಬೇರೊಬ್ಬರ ಹೆಸರಿಗೆ ವರ್ಗಾಯಿಸುವ ಆಯ್ಕೆಯನ್ನೇ ಒತ್ತಬೇಕು, ಇಲ್ಲವಾದರೆ ಅವೂ ಅಳಿಸಿಹೋಗುತ್ತವೆ. ಹೊಸಬರಿಗೆ ಖಾತೆ ಕೊಟ್ಟು, ಅವರ ಫೋನಿನಿಂದಲೇ ಒಂದು ಪ್ರಯೋಗದ ಸೂಚನೆ ಪ್ರಕಟಿಸಿ, ಅಳಿಸಿ ನೋಡಲು ಹೇಳಿ. ಡೊಮೇನ್ ಮತ್ತು ಹೋಸ್ಟಿಂಗ್‌ನ ಗಡುವಿನ ದಿನಾಂಕಗಳನ್ನು ಮುಖ್ಯೋಪಾಧ್ಯಾಯರ ಮೇಜಿನ ಹಿಂದಿನ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತಿಸಿ, ನವೀಕರಣದ ಮೊತ್ತವನ್ನು ಆ ವರ್ಷದ ಆಯವ್ಯಯದಲ್ಲೇ ಸೇರಿಸಿಕೊಳ್ಳಿ.